ರಕ್ತದಲ್ಲಿ ಎಂಡೋಸಲ್ಫಾನ್: ಪತ್ತೆಯ ವಿಧಾನಗಳು ಮತ್ತು ಪುರಾವೆಯ ವಿವಾದ

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಲ್ಲಿಯೂ ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿಯೂ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಅಲ್ಲಿನ ಜನರ ದೇಹವನ್ನು ಸೇರಿತ್ತೇ, ಸೇರಿದ್ದರೆ ಎಷ್ಟು ಪ್ರಮಾಣದಲ್ಲಿ, ಆ ಊರುಗಳಲ್ಲಿ ಕಂಡ ಅಂಗವೈಕಲ್ಯಕ್ಕೂ ನರಸಂಬಂಧಿ ಕಾಯಿಲೆಗಳಿಗೂ ಅದೇ ಕಾರಣವೇ ಎಂಬ ಪ್ರಶ್ನೆಗಳು ಕಾಲು ಶತಮಾನದಿಂದ ಚರ್ಚೆಯಲ್ಲಿವೆ. ಇವು ಮೂರೂ ಬೇರೆ ಬೇರೆ ಪ್ರಶ್ನೆಗಳು. ಮೊದಲ ಎರಡಕ್ಕೆ ವಿಶ್ಲೇಷಣಾ ರಸಾಯನಶಾಸ್ತ್ರ ಉತ್ತರ ಕೊಡಬಲ್ಲದು, ಅದೂ ಮಾದರಿಯನ್ನು ಸಕಾಲದಲ್ಲಿ ಸಂಗ್ರಹಿಸಿದ್ದರೆ ಮಾತ್ರ. ಮೂರನೆಯದಕ್ಕೆ ಆ ಶಾಸ್ತ್ರವೊಂದೇ ಸಾಲದು. ವಿವಾದದಲ್ಲಿ ತುಂಬಿಕೊಂಡಿರುವ ಗೊಂದಲದ ಬಹುಪಾಲು, ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನು ಇನ್ನೊಂದರ ಉತ್ತರವೆಂದು ಮಂಡಿಸಿದ್ದರಿಂದ ಹುಟ್ಟಿದ್ದು.

ಗೇರು ಗುಡ್ಡಗಳ ಮೇಲಿನ ಸಿಂಪಡಣೆ

ಗೇರು ಚಿಗುರಿ ಹೂಬಿಡುವ ಕಾಲದಲ್ಲಿ ಎಳೆಯ ಚಿಗುರಿನ ಮತ್ತು ಹೂಗೊಂಚಲಿನ ರಸ ಹೀರಿ ಅವನ್ನು ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಹತೋಟಿಗೆ ತರುವುದು ಸಿಂಪಡಣೆಯ ಉದ್ದೇಶವಾಗಿತ್ತು. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಗೇರು ತೋಟಗಳಲ್ಲಿ 1970ರ ದಶಕದ ಉತ್ತರಾರ್ಧದಿಂದ 2000ದ ಕೊನೆಯವರೆಗೆ ಈ ಕೆಲಸ ನಡೆಸಿತು. ದಕ್ಷಿಣ ಕನ್ನಡದಲ್ಲಿ 1978ರಲ್ಲಿ ಸ್ಥಾಪನೆಯಾದ ಕರ್ನಾಟಕ ಗೇರು ಅಭಿವೃದ್ಧಿ ನಿಗಮ 1980ರ ದಶಕದಿಂದ ಹೆಚ್ಚುಕಡಿಮೆ ಅದೇ ಅವಧಿಯವರೆಗೆ ನಡೆಸಿತು. ಗುಡ್ಡದ ತಲೆಯ ಮೇಲೆ ಗೇರು, ಬುಡದಲ್ಲಿ ಅಡಿಕೆ ತೋಟ, ಮನೆ, ಬಾವಿ, ತೋಡು ಇರುವ ಈ ಪ್ರದೇಶದಲ್ಲಿ ಮೇಲಿನಿಂದ ಬಿದ್ದದ್ದು ಮಳೆಗಾಲದಲ್ಲಿ ಕೆಳಗಿಳಿಯುವುದು ಸಹಜವೇ ಆಗಿತ್ತು.

ಪಡ್ರೆಯ ಸುತ್ತಮುತ್ತ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಒಂದೇ ಸಣ್ಣ ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟು ವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆಯವರ ಬರಹಗಳು ಆ ಸಂಗತಿಯನ್ನು ಊರಿನಾಚೆಗೆ ಒಯ್ದವು. ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೊರೆಹೋದರು. ಬೆಳ್ತಂಗಡಿಯ ಕಡೆ ಇದೇ ಚರ್ಚೆ ತಡವಾಗಿ ಆರಂಭವಾಯಿತು. ಕೊಕ್ಕಡದ ಎಂಡೋಸಲ್ಫಾನ್ ವಿರೋಧಿ ಹೋರಾಟ ಸಮಿತಿಯ ಮೂಲಕ ಅದು ಸರ್ಕಾರವನ್ನು ತಲುಪಿ, 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕೀಟನಾಶಕದ ಬಳಕೆಯನ್ನು ನಿಷೇಧಿಸುವ ವೇಳೆಗೆ ಸಿಂಪಡಣೆ ನಿಂತು ಹತ್ತು ವರ್ಷ ಕಳೆದಿತ್ತು. ರಕ್ತಪರೀಕ್ಷೆಯ ದೃಷ್ಟಿಯಿಂದ ಈ ಹತ್ತು ವರ್ಷಗಳ ಅಂತರ ಬಹಳ ದೊಡ್ಡದು.

ಉಪಕರಣ ನೋಡುವುದೇನನ್ನು

ಎಂಡೋಸಲ್ಫಾನ್ ಆರು ಕ್ಲೋರಿನ್ ಪರಮಾಣುಗಳುಳ್ಳ ಆರ್ಗನೋಕ್ಲೋರಿನ್ ವರ್ಗದ ಸಂಯುಕ್ತ. ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದುದು ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು ಸುಮಾರು ಏಳಕ್ಕೆ ಮೂರರ ಪ್ರಮಾಣದಲ್ಲಿ ಬೆರೆತ ಮಿಶ್ರಣ. ಈ ರೂಪಗಳಲ್ಲಿ ಪರಮಾಣುಗಳು ಅವೇ, ಜೋಡಣೆಯ ದಿಕ್ಕು ಮಾತ್ರ ಬೇರೆ. ಮಣ್ಣಿನಲ್ಲಿಯೂ ಯಕೃತ್ತಿನಲ್ಲಿಯೂ ಇವು ಉತ್ಕರ್ಷಣಗೊಂಡು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತವೆ. ಇನ್ನೊಂದು ಹಾದಿಯಲ್ಲಿ ನೀರಿನೊಡನೆ ವರ್ತಿಸಿ ಡಯೋಲ್ ಮುಂತಾದ ವಸ್ತುಗಳಾಗಿ ಒಡೆಯುತ್ತವೆ. ಆಲ್ಫಾ ಮತ್ತು ಬೀಟಾ ರೂಪಗಳನ್ನಷ್ಟೇ ಹುಡುಕಿ ಸಲ್ಫೇಟನ್ನು ಬಿಟ್ಟುಬಿಡುವ ಪರೀಕ್ಷೆ, ದೇಹದೊಳಗೆ ಈಗಾಗಲೇ ಬದಲಾಗಿರುವ ಪಾಲನ್ನು ಕಾಣದೇ ಹೋಗುತ್ತದೆ.

ರಕ್ತದ ಸೀರಮ್ ಅಥವಾ ಕೊಬ್ಬಿನ ಅಂಗಾಂಶದಿಂದ ಈ ವಸ್ತುವನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ಸೆಳೆದು, ಜೊತೆಗೆ ಬಂದ ಕೊಬ್ಬನ್ನು ತೆಗೆದು ಶುಚಿಗೊಳಿಸಿ, ಉಳಿದದ್ದನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಒಳಪಡಿಸುವುದು ರೂಢಿಯಲ್ಲಿರುವ ಕ್ರಮ. ಕೂದಲೆಳೆಯಷ್ಟು ಸಪೂರವಾದ ಉದ್ದನೆಯ ನಳಿಕೆಯಲ್ಲಿ ಬಿಸಿ ಅನಿಲದೊಡನೆ ಸಾಗುವ ಘಟಕಗಳು ತಮ್ಮ ಗುಣಕ್ಕೆ ತಕ್ಕಂತೆ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ. ಹೊರಬರುವ ಹೊತ್ತನ್ನು ಧಾರಣಕಾಲವೆನ್ನುತ್ತಾರೆ. ನಳಿಕೆಯ ಕೊನೆಯಲ್ಲಿ ಏನಿದೆ ಎಂಬುದರ ಮೇಲೆ ಪುರಾವೆಯ ಬಲ ನಿಂತಿದೆ.

ಬಹುಕಾಲ ಅಲ್ಲಿದ್ದುದು ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ಕ್ಲೋರಿನ್‌ಯುಕ್ತ ವಸ್ತು ಹಾದುಹೋದಾಗ ಅದರ ವಿದ್ಯುತ್ಪ್ರವಾಹ ತಗ್ಗುತ್ತದೆ. ಅತ್ಯಲ್ಪ ಪ್ರಮಾಣವನ್ನೂ ಗ್ರಹಿಸುವ ಈ ಸಾಧನವೇ ಕೀಟನಾಶಕ ಶೇಷಗಳ ಅಧ್ಯಯನವನ್ನು ಸಾಧ್ಯವಾಗಿಸಿತು. ಆದರೆ ಹಾದುಹೋದದ್ದು ಯಾವ ವಸ್ತು ಎಂಬುದನ್ನು ಅದು ಹೇಳಲಾರದು. ಕ್ಲೋರಿನ್ ಇರುವ ಬೇರೊಂದು ವಸ್ತು, ಉದಾಹರಣೆಗೆ ಡಿಡಿಟಿಯ ವಿಘಟಿತ ರೂಪ ಡಿಡಿಇ ಅಥವಾ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿಗಳು, ಅದೇ ಧಾರಣಕಾಲದಲ್ಲಿ ಹೊರಬಂದರೆ ಅದೂ ಎಂಡೋಸಲ್ಫಾನ್ ಎಂದೇ ಲೆಕ್ಕಕ್ಕೆ ಬಂದೀತು. ಭಿನ್ನ ಗುಣದ ಎರಡು ನಳಿಕೆಗಳಲ್ಲಿ ಪರೀಕ್ಷಿಸಿದರೆ ಈ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ದ್ರವ್ಯರಾಶಿ ರೋಹಿತಮಾಪನ, ಈ ಕೊರತೆಯನ್ನು ತುಂಬುತ್ತದೆ. ನಳಿಕೆಯಿಂದ ಹೊರಬಂದ ಅಣುಗಳಿಗೆ ಎಲೆಕ್ಟ್ರಾನುಗಳನ್ನು ಹಾಯಿಸಿ ವಿದ್ಯುದಾವೇಶ ಕೊಟ್ಟಾಗ ಅವು ನಿರ್ದಿಷ್ಟ ರೀತಿಯಲ್ಲಿ ಒಡೆಯುತ್ತವೆ; ಚೂರುಗಳನ್ನು ಅವುಗಳ ದ್ರವ್ಯರಾಶಿ ಮತ್ತು ಆವೇಶದ ಅನುಪಾತಕ್ಕೆ ಅನುಗುಣವಾಗಿ ವಿಂಗಡಿಸಿ ಎಣಿಸಲಾಗುತ್ತದೆ. ಕ್ಲೋರಿನ್‌ಗೆ 35 ಮತ್ತು 37 ತೂಕದ ಎರಡು ಸ್ಥಿರ ಸಮಸ್ಥಾನಿಗಳು ನಿಸರ್ಗದಲ್ಲಿ ಸುಮಾರು ಮೂರಕ್ಕೆ ಒಂದರಂತೆ ಇರುವುದರಿಂದ, ಅನೇಕ ಕ್ಲೋರಿನ್‌ಗಳುಳ್ಳ ಚೂರು ಒಂದೇ ಗೆರೆಯಾಗಿ ಕಾಣದೆ ಎರಡೆರಡು ಘಟಕಗಳ ಅಂತರದ ಗೆರೆಗಳ ಗುಚ್ಛವಾಗಿ ಕಾಣುತ್ತದೆ. ಈ ಗುಚ್ಛವನ್ನು ಕಂಡರೆ ಅದರಲ್ಲಿ ಎಷ್ಟು ಕ್ಲೋರಿನ್‌ಗಳಿವೆ ಎಂದು ಅಂದಾಜಿಸಬಹುದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಯೋಸ್ಟ್ ಮತ್ತು ಎಂಕೆ ರೂಪಿಸಿದ ತ್ರಿವಳಿ ಕ್ವಾಡ್ರಪೋಲ್ ಉಪಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಚೂರನ್ನು ಆರಿಸಿ, ಅದನ್ನು ಮತ್ತೆ ಒಡೆದು, ಅದರಿಂದ ಹುಟ್ಟುವ ನಿರ್ದಿಷ್ಟ ಮರಿಚೂರನ್ನು ಮಾತ್ರ ಎಣಿಸುತ್ತದೆ. ಎಂಡೋಸಲ್ಫಾನ್‌ಗೆ 241ರಿಂದ 206ಕ್ಕೆ, ಸಲ್ಫೇಟ್‌ಗೆ 272ರಿಂದ 237ಕ್ಕೆ ಆಗುವ ಬದಲಾವಣೆಗಳನ್ನು ಪ್ರಯೋಗಾಲಯಗಳು ಗಮನಿಸುತ್ತವೆ; ಎರಡರಲ್ಲಿಯೂ ಕಳೆದುಹೋಗುವ 35 ಘಟಕ ಒಂದು ಕ್ಲೋರಿನ್ ಪರಮಾಣುವಿನ ತೂಕ.

ಇಷ್ಟಾದರೂ ಈ ವಿಧಾನವನ್ನು ಸರ್ವಸಮರ್ಥವೆಂದು ಭಾವಿಸುವುದು ತಪ್ಪು. 272ರಿಂದ 237ಕ್ಕೆ ಆಗುವ ಬದಲಾವಣೆಯನ್ನು ಹೆಪ್ಟಾಕ್ಲೋರ್ ಎಂಬ ಇನ್ನೊಂದು ಹಳೆಯ ಕೀಟನಾಶಕವೂ ತೋರಿಸುತ್ತದೆ, ಏಕೆಂದರೆ ಆ ಚೂರು ಎರಡಕ್ಕೂ ಸಮಾನವಾದ ಇಂಗಾಲ-ಕ್ಲೋರಿನ್ ಉಂಗುರದಿಂದ ಬಂದದ್ದು. ಆದ್ದರಿಂದಲೇ ಧಾರಣಕಾಲ, ಒಂದಕ್ಕಿಂತ ಹೆಚ್ಚು ಬದಲಾವಣೆಗಳು, ಅವುಗಳ ನಡುವಣ ಅನುಪಾತ ಇವೆಲ್ಲ ಒಟ್ಟಿಗೆ ಹೊಂದಿಕೆಯಾದಾಗ ಮಾತ್ರ ಗುರುತು ಖಚಿತವಾಯಿತೆಂದು ಒಪ್ಪುವುದು. ಐರೋಪ್ಯ ಒಕ್ಕೂಟ 2002ರಲ್ಲಿ ಹೊರಡಿಸಿದ ನಿಯಮಾವಳಿ ಪ್ರಾಣಿಜನ್ಯ ಆಹಾರದಲ್ಲಿ ನಿಷೇಧಿತ ವಸ್ತುಗಳನ್ನು ಗುರುತಿಸಲು ಕನಿಷ್ಠ ನಾಲ್ಕು ಗುರುತಿನ ಅಂಕಗಳನ್ನು ಕಡ್ಡಾಯಗೊಳಿಸಿದ್ದರ ತರ್ಕ ಇದೇ. ಇನ್ನು ಅಂಗಾಂಶದ ತೆಳು ಪದರದ ಮೇಲೆ ಔಷಧ ಎಲ್ಲೆಲ್ಲಿ ಹರಡಿದೆ ಎಂಬುದರ ನಕ್ಷೆಯನ್ನೇ ತೆಗೆಯುವ ಮಾಲ್ಡಿ, ಡೆಸಿ ಮುಂತಾದ ಹೊಸ ವಿಧಾನಗಳು ಔಷಧ ಸಂಶೋಧನೆಯಲ್ಲಿ ಹೆಸರು ಮಾಡಿವೆಯಾದರೂ, ಎಂಡೋಸಲ್ಫಾನ್‌ನಂಥ ಧ್ರುವೀಯವಲ್ಲದ ಅಣುಗಳು ಅವುಗಳಲ್ಲಿ ಸುಲಭವಾಗಿ ಆವೇಶ ಪಡೆಯುವುದಿಲ್ಲವಾದ್ದರಿಂದ ಈ ಚರ್ಚೆಗೆ ಅವುಗಳ ನೆರವು ಕಡಿಮೆ.

ಪಡ್ರೆಯಲ್ಲಿ ನಡೆದ ಪರೀಕ್ಷೆಗಳು

2001ರ ಆರಂಭದಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು ಮತ್ತು ಜನರ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇರುವುದಾಗಿ ಪ್ರಕಟಿಸಿತು. ರಕ್ತದಲ್ಲಿ ಅದು ಕಂಡ ಪ್ರಮಾಣ ನೂರು ಪಿಪಿಎಂ ಮೀರಿತ್ತು. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನ್ ನಿಯೋಜಿಸಿದ ತಮಿಳುನಾಡಿನ ಫ್ರೆಡ್ರಿಕ್ ಸಸ್ಯಸಂರಕ್ಷಣೆ ಮತ್ತು ವಿಷಶಾಸ್ತ್ರ ಸಂಸ್ಥೆ ಜನರ ರಕ್ತದಲ್ಲಿ ಎಂಡೋಸಲ್ಫಾನ್ ಇಲ್ಲವೆಂದಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯವನ್ನು ಕೈಗೆತ್ತಿಕೊಂಡ ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮೂರನೆಯ ಅಧ್ಯಯನ ನಡೆಸಿತು. ಎಚ್. ಎನ್. ಸೈಯದ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅದರ ಒಂದು ಭಾಗದಲ್ಲಿ ಪಡ್ರೆಯ 117 ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಲಾಗಿತ್ತು. ಸೀರಮ್‌ನಲ್ಲಿ ಎಂಡೋಸಲ್ಫಾನ್ ಪತ್ತೆಯಾದವರು ಪಡ್ರೆಯಲ್ಲಿ ಶೇ. 78, ಹೋಲಿಕೆಯ ಊರಿನಲ್ಲಿ ಶೇ. 29, ಸರಾಸರಿ ಪ್ರಮಾಣ ಕ್ರಮವಾಗಿ 7.47 ಮತ್ತು 1.37 ಪಿಪಿಬಿ. ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು.

ಈ ಮೂರು ಫಲಿತಾಂಶಗಳನ್ನು ಸಾಮಾನ್ಯವಾಗಿ ‘ಇದೆ’, ‘ಇಲ್ಲ’, ‘ಇದೆ’ ಎಂದು ಎಣಿಸಿ ಎರಡಕ್ಕೆ ಒಂದರ ಬಹುಮತದಂತೆ ನೋಡಲಾಗುತ್ತದೆ. ಅದು ಸರಿಯಾದ ಓದಲ್ಲ. ಮೊದಲನೆಯ ಮತ್ತು ಮೂರನೆಯ ಅಧ್ಯಯನಗಳು ‘ಇದೆ’ ಎಂಬುದನ್ನು ಒಪ್ಪಿದರೂ ‘ಎಷ್ಟು’ ಎಂಬಲ್ಲಿ ಅವುಗಳ ನಡುವೆ ಹತ್ತು ಸಾವಿರ ಪಟ್ಟಿಗೂ ಮಿಕ್ಕ ಅಂತರವಿದೆ, ಮತ್ತು ಇಷ್ಟು ಅಂತರವನ್ನು ಜನರ ನಡುವಣ ವ್ಯತ್ಯಾಸದಿಂದಾಗಲಿ ಕೆಲವು ತಿಂಗಳ ಕಾಲಾಂತರದಿಂದಾಗಲಿ ಪೂರ್ತಿ ವಿವರಿಸುವುದು ಕಷ್ಟ. ರಕ್ತದಲ್ಲಿ ನೂರು ಪಿಪಿಎಂ ಎಂಬುದು ಕೀಟನಾಶಕ ಕುಡಿದ ಪ್ರಕರಣಗಳಲ್ಲಿ ಎದುರಾಗುವಂಥ ಪ್ರಮಾಣವೇ ಹೊರತು ಓಡಾಡಿಕೊಂಡಿರುವವರ ರಕ್ತದಲ್ಲಿ ನಿರೀಕ್ಷಿಸುವಂಥದ್ದಲ್ಲ ಎಂಬ ವಿಮರ್ಶಕರ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ಒಂದು ಆಕ್ಷೇಪವನ್ನು ಹಿಡಿದು ಮೂರನೆಯ ಅಧ್ಯಯನವನ್ನೂ ತಳ್ಳಿಹಾಕಿದ್ದು ತರ್ಕಶುದ್ಧವಲ್ಲ. ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಂಕಿಗಳು ಪರಿಸರದಿಂದ ಸೇರಿದ ಶೇಷದ ನಿರೀಕ್ಷಿತ ವ್ಯಾಪ್ತಿಯಲ್ಲಿಯೇ ಇವೆ.

ಮುಂದೆ ಕೇಂದ್ರ ಸರ್ಕಾರ ನೇಮಿಸಿದ ಒ. ಪಿ. ದುಬೆ ನೇತೃತ್ವದ ಸಮಿತಿಯೂ 2004ರ ಸುಮಾರಿಗೆ ಸಿ. ಡಿ. ಮಾಯಿ ನೇತೃತ್ವದ ಸಮಿತಿಯೂ ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಸಾಬೀತಾಗಿಲ್ಲ ಎಂಬ ನಿಲುವು ತಳೆದವು. ಹೀಗೆ ಎರಡು ಪಕ್ಷಗಳು ಗಟ್ಟಿಯಾದವು. ಒಂದರ ಮಟ್ಟಿಗೆ ರಕ್ತದಲ್ಲಿ ಸಿಕ್ಕ ಶೇಷವೇ ಅಪರಾಧದ ಗುರುತು. ಇನ್ನೊಂದರ ಮಟ್ಟಿಗೆ ಅಳತೆಯ ದೋಷವೇ ನಿರಪರಾಧದ ಗುರುತು.

ಕಾಲದ ಪ್ರಶ್ನೆ

ಎಂಡೋಸಲ್ಫಾನ್ ಕೊಬ್ಬಿನಲ್ಲಿ ಕರಗುವ ವಸ್ತುವಾದರೂ ಡಿಡಿಟಿಯಂತೆ ದಶಕಗಟ್ಟಲೆ ದೇಹದಲ್ಲಿ ಕೂರುವುದಿಲ್ಲ. ರಕ್ತದಿಂದ ಅದರ ಬಹುಭಾಗ ಕೆಲವೇ ದಿನಗಳಲ್ಲಿ ಕರಗಿ ಮೂತ್ರ ಹಾಗೂ ಮಲದ ಮೂಲಕ ಹೊರಹೋಗುತ್ತದೆ. ಮಣ್ಣಿನ ಲೆಕ್ಕ ಬೇರೆ. ಆಲ್ಫಾ, ಬೀಟಾ ಮತ್ತು ಸಲ್ಫೇಟ್ ಮೂರನ್ನೂ ಕೂಡಿಸಿ ಅದರ ಅರ್ಧಾಯುಷ್ಯ ಒಂಬತ್ತು ತಿಂಗಳಿನಿಂದ ಆರು ವರ್ಷದವರೆಗೆ ಇರಬಹುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದೆ. 2000ದ ಡಿಸೆಂಬರಿನಲ್ಲಿ ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೆಯೂ ಮಕ್ಕಳ ರಕ್ತದಲ್ಲಿ ಅದು ಇತ್ತೆಂದರೆ ಎರಡೇ ಸಾಧ್ಯತೆಗಳು: ಅಳತೆಯೇ ತಪ್ಪು, ಅಥವಾ ಮಣ್ಣು, ನೀರು, ಆಹಾರದ ಮೂಲಕ ಅದು ದೇಹಕ್ಕೆ ಸೇರುತ್ತಲೇ ಇತ್ತು. ಸಂದೇಹವಾದಿಗಳು ಮೊದಲನೆಯದನ್ನು ಹಿಡಿದರು. ಮಣ್ಣಿನಲ್ಲಿ ಅದರ ಬಾಳಿಕೆಯನ್ನು ಗಮನಿಸಿದರೆ ಎರಡನೆಯದೂ ಅಷ್ಟೇ ಸಂಭವನೀಯ.

ರಕ್ತ ಇತ್ತೀಚಿನ ಒಡ್ಡಿಕೆಯನ್ನು ಹೇಳಿದರೆ ಕೊಬ್ಬು, ಎದೆಹಾಲು, ಹೊಕ್ಕುಳಬಳ್ಳಿಯ ರಕ್ತ, ಮಾಸು ಬೇರೆ ಬೇರೆ ಅವಧಿಗಳನ್ನು ಹೇಳುತ್ತವೆ. ದಕ್ಷಿಣ ಸ್ಪೇನಿನ ಹಸಿರುಮನೆ ಬೇಸಾಯದ ಪ್ರದೇಶದಲ್ಲಿ ಗ್ರಾನಡಾ ವಿಶ್ವವಿದ್ಯಾಲಯದ ನಿಕೊಲಾಸ್ ಒಲೆಯಾ ಅವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಾಲ್ಕರಲ್ಲಿಯೂ ಎಂಡೋಸಲ್ಫಾನನ್ನು ಮತ್ತು ಅದರ ಚಯಾಪಚಯ ರೂಪಗಳನ್ನು ಹುಡುಕಿ ಕಂಡಿತು. ಹುಟ್ಟು ವೈಕಲ್ಯವೇ ಮುಖ್ಯ ದೂರಾಗಿದ್ದ ಕಡೆ ಬೇಕಾಗಿದ್ದುದೂ ಇಂಥ ಮಾದರಿಗಳೇ, ಏಕೆಂದರೆ ಅಲ್ಲಿ ತಿಳಿಯಬೇಕಾದದ್ದು ಇಂದಿನ ಹುಡುಗನ ರಕ್ತದಲ್ಲಿರುವುದನ್ನಲ್ಲ, ಅವನು ಗರ್ಭದಲ್ಲಿದ್ದಾಗ ತಾಯಿಯ ರಕ್ತದಲ್ಲಿದ್ದುದನ್ನು.

ನ್ಯಾಯವೈದ್ಯಕೀಯ ವಿಷಶಾಸ್ತ್ರದ ಮಾನದಂಡವನ್ನು ಇಲ್ಲಿಗೆ ತಂದು ಹೋಲಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ನಂಜಿನಿಂದ ಸತ್ತವರ ಹೊಟ್ಟೆ, ಯಕೃತ್ತು, ಮೂತ್ರಪಿಂಡಗಳ ತುಣುಕುಗಳನ್ನು ಉಪ್ಪಿನ ಗಾಢ ದ್ರಾವಣದಲ್ಲಿ ಇಟ್ಟು ಪ್ರಯೋಗಾಲಯಕ್ಕೆ ಕಳುಹಿಸುವಾಗ ಹುಡುಕುವುದು ಒಂದೇ ಬಾರಿ ದೇಹ ಸೇರಿದ ದೊಡ್ಡ ಪ್ರಮಾಣವನ್ನು. ಅಲ್ಲಿಯೂ ಕಾಲ ತೊಡಕೇ: ಕೂಡಿಟ್ಟ ಅಂಗಾಂಶದಲ್ಲಿ ಸಯನೈಡ್ ಆವಿಯಾಗಿ ಕಡಿಮೆಯಾಗಬಹುದು, ಕೊಳೆಯುವಾಗ ಹೊಸದಾಗಿ ಉಂಟಾಗಲೂಬಹುದು. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬರ ನಾಪತ್ತೆ ಪ್ರಕರಣದಿಂದ ಬಯಲಾದ ಸಯನೈಡ್ ಕೊಲೆಗಳ ಸರಣಿಯಲ್ಲಿ ಎಷ್ಟೋ ಸಾವುಗಳು ಬೇರೆ ಬೇರೆ ಊರುಗಳ ಅಸ್ವಾಭಾವಿಕ ಸಾವಿನ ಕಡತಗಳಲ್ಲಿ ಬಹುಕಾಲ ಬಿದ್ದಿದ್ದವು. ಕೊಕ್ಕಡದಂಥ ಕಡೆ ಅಷ್ಟಾದರೂ ಇರಲಿಲ್ಲ. ಕಡತಕ್ಕೆ ಸೇರಬಹುದಾಗಿದ್ದ ಮಾದರಿಯನ್ನೇ ಸಿಂಪಡಣೆಯ ಕಾಲದಲ್ಲಿ ಯಾರೂ ವ್ಯವಸ್ಥಿತವಾಗಿ ತೆಗೆದಿರಿಸಲಿಲ್ಲ.

ಹೋಲಿಕೆಗೆ ಯಾವ ಊರು

ಹೋಲಿಕೆಯ ಊರಿನಲ್ಲಿಯೂ ಶೇ. 29ರಷ್ಟು ಮಕ್ಕಳಲ್ಲಿ ಎಂಡೋಸಲ್ಫಾನ್ ಸಿಕ್ಕಿದ್ದು ಅಧ್ಯಯನದ ದೌರ್ಬಲ್ಯವೆಂದು ಕೆಲವರು ವಾದಿಸಿದ್ದಾರೆ. 2011ರವರೆಗೆ ಅದು ದೇಶದ ಬಹುಭಾಗದಲ್ಲಿ ಗೊಬ್ಬರದಂಗಡಿಗಳಲ್ಲಿ ಮುಕ್ತವಾಗಿ ಮಾರಾಟವಾಗುತ್ತಿದ್ದ, ತರಕಾರಿಯಿಂದ ಹತ್ತಿಯವರೆಗೆ ಬಳಕೆಯಾಗುತ್ತಿದ್ದ ಕೀಟನಾಶಕ ಎಂಬುದನ್ನು ನೆನೆದರೆ ಈ ಅಂಕಿ ಅಚ್ಚರಿಯದ್ದಲ್ಲ. ಮೂಡುಬಿದಿರೆಯಂಥ ಊರನ್ನು ಸಿಂಪಡಣೆಯಿಲ್ಲದ ಪ್ರದೇಶವೆಂದು ಆರಿಸಿಕೊಂಡಿದ್ದರೂ ಸಂತೆಗೆ ಬಂದ ತರಕಾರಿಯ ಮೂಲಕ ಅಲ್ಲಿನವರಿಗೆ ತಲುಪಿದ್ದನ್ನು ತಡೆಯಲಾಗುತ್ತಿರಲಿಲ್ಲ. ಶೂನ್ಯ ಒಡ್ಡಿಕೆಯ ಊರು ಎಂಬುದು ಆಗ ಇರಲೇ ಇಲ್ಲ; ಸಾಧ್ಯವಿದ್ದುದು ಹೆಚ್ಚು ಮತ್ತು ಕಡಿಮೆಯ ನಡುವಣ ಹೋಲಿಕೆ ಮಾತ್ರ.

ಅಳತೆಯಿಂದ ಕಾರಣಕ್ಕೆ

ಮೂರನೆಯ ಒಂದು ಪಂಥ ರಕ್ತಪರೀಕ್ಷೆಯನ್ನೇ ಬದಿಗಿಟ್ಟು, ತೋಟಕ್ಕೂ ಮನೆಗೂ ಇರುವ ದೂರ, ಸಿಂಪಡಣೆಯ ವರ್ಷಗಳು, ಹುಟ್ಟಿನ ದಾಖಲೆಗಳು, ಕಾಯಿಲೆಗಳ ಹಂಚಿಕೆ ಇವುಗಳಿಂದ ಕಾರಣವನ್ನು ಶೋಧಿಸಬೇಕೆನ್ನುತ್ತದೆ. ಪಡ್ರೆಯ ಮೂರನೆಯ ಅಧ್ಯಯನ ರಕ್ತದ ಜೊತೆಗೆ ಬಾಲಕರ ಲೈಂಗಿಕ ಬೆಳವಣಿಗೆಯ ಹಂತಗಳನ್ನೂ ಹಾರ್ಮೋನುಗಳನ್ನೂ ಅಳೆದು, ಸಿಂಪಡಣೆಯ ಊರಿನಲ್ಲಿ ಬೆಳವಣಿಗೆ ತಡವಾಗಿರುವುದನ್ನು ಕಂಡದ್ದು ಈ ದಿಕ್ಕಿನ ಹೆಜ್ಜೆ. ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನ ಸಮೀಕ್ಷೆಯೂ ಇದೇ ಹಾದಿಯದು. ಕೇರಳ ಕೃಷಿ ವಿಶ್ವವಿದ್ಯಾಲಯದ ಕೆ. ಎಂ. ಶ್ರೀಕುಮಾರ್ ಮತ್ತು ಕೆ. ಡಿ. ಪ್ರತಾಪನ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಅಧ್ಯಯನಗಳನ್ನು ಕಟುವಾಗಿ ವಿಮರ್ಶಿಸಿದ್ದಾರೆ. ಸುದ್ದಿಯಾದ ಊರಿನಲ್ಲಿ ಕಾಯಿಲೆ ಹೆಚ್ಚು ವರದಿಯಾಗುತ್ತದೆ, ಪರಿಹಾರ ಘೋಷಣೆಯಾದ ಮೇಲೆ ಪಟ್ಟಿ ಬೆಳೆಯುತ್ತದೆ, ಸೋದರಸಂಬಂಧದ ಮದುವೆಯಂಥ ಬೇರೆ ಕಾರಣಗಳನ್ನು ಬಿಡಿಸಿ ನೋಡುವುದು ಸುಲಭವಲ್ಲ ಎಂಬ ಬಗೆಯ ಎಚ್ಚರಿಕೆಗಳು ಎಲ್ಲ ಸಮೀಕ್ಷೆಗಳಿಗೂ ಅನ್ವಯಿಸುತ್ತವೆ. ಆದರೆ ವಿಧಾನ ದುರ್ಬಲವೆಂದು ತೋರಿಸಿದ ಮಾತ್ರಕ್ಕೆ ಪರಿಣಾಮವೇ ಇರಲಿಲ್ಲವೆಂದು ತೋರಿಸಿದಂತಾಗದು.

ಪರಿಹಾರದ ಅಳತೆಗೋಲು

ನ್ಯಾಯಾಲಯಗಳು ಇವಾವುದಕ್ಕೂ ಕಾಯಲಿಲ್ಲ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ದಕ್ಷಿಣ ಕನ್ನಡದಲ್ಲಿ ಮಾಸಾಶನವೂ ಕೊಕ್ಕಡ, ಕೊಯಿಲಗಳಲ್ಲಿ ಆರಂಭವಾದ ಪಾಲನಾ ಕೇಂದ್ರಗಳೂ ವೈದ್ಯರ ತಂಡ ನಿರ್ಧರಿಸಿದ ಅಂಗವೈಕಲ್ಯದ ಆಧಾರದ ಮೇಲೆಯೇ ನಡೆದುಕೊಂಡು ಬಂದಿವೆ. ರಕ್ತದ ಪಿಪಿಬಿಗೂ ಅವಕ್ಕೂ ಸಂಬಂಧವಿಲ್ಲ. ಇದು ಸರಿಯಾದ ನಿರ್ಧಾರವೇ. ಕಾಲ ಮೀರಿದ ಮೇಲೆ ರಾಸಾಯನಿಕ ಪುರಾವೆ ಕೇಳುವುದೆಂದರೆ, ಒದಗಿಸಲಾಗದ್ದನ್ನು ಕೇಳಿದಂತೆ.

ಇತ್ಯರ್ಥವಾಗದೆ ಉಳಿದವು

ಪಡ್ರೆಯ ಮೊದಲ ಮತ್ತು ಮೂರನೆಯ ಅಧ್ಯಯನಗಳ ನಡುವಣ ಪ್ರಮಾಣದ ಅಂತರಕ್ಕೆ ಒಪ್ಪಿತವಾದ ವಿವರಣೆ ಇಲ್ಲ. ಒಂದೇ ಮಾದರಿಯನ್ನು ಹಂಚಿಕೊಂಡು ಎರಡು ಪ್ರಯೋಗಾಲಯಗಳು ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಮರುಪರೀಕ್ಷಿಸಿದ್ದರೆ ಅದು ಅಂದೇ ಬಗೆಹರಿಯಬಹುದಿತ್ತು. ಗರ್ಭದಲ್ಲಿನ ಒಡ್ಡಿಕೆಗೂ ನಿರ್ದಿಷ್ಟ ವೈಕಲ್ಯಗಳಿಗೂ ಇರಬಹುದಾದ ಪ್ರಮಾಣ-ಪರಿಣಾಮ ಸಂಬಂಧ, ಅಂದರೆ ಎಷ್ಟು ಸೇರಿದರೆ ಏನಾಗುತ್ತದೆ ಎಂಬುದು, ಮನುಷ್ಯರ ವಿಷಯದಲ್ಲಿ ಸ್ಪಷ್ಟವಾಗಿಲ್ಲ. ಎಂಡೋಸಲ್ಫಾನ್ ತಾನೊಂದೇ ಕಾರಣವೇ, ಸಿಂಪಡಣೆಯ ಮಿಶ್ರಣದಲ್ಲಿದ್ದ ದ್ರಾವಕಗಳಿಗೂ ಪಾಲಿದೆಯೇ ಎಂಬುದನ್ನು ಆರಂಭದ ಪರೀಕ್ಷೆಗಳು ವಿಚಾರಿಸಲೇ ಇಲ್ಲ. ಬೆಳ್ತಂಗಡಿ, ಬಂಟ್ವಾಳ, ಪುತ್ತೂರು ಕಡೆಯ ಗೇರು ಗುಡ್ಡಗಳ ಬುಡದ ಕೆಸರಿನಲ್ಲಿ ಸಲ್ಫೇಟ್ ರೂಪ ಇನ್ನೂ ಎಷ್ಟು ಆಳಕ್ಕೆ ಉಳಿದಿದೆ, ಗಡಿಯ ಮಿಂಚಿನಪದವು ತೋಟದ ಬಾವಿಯಲ್ಲಿ ಮಿಕ್ಕುಳಿದ ದಾಸ್ತಾನನ್ನು ಹೂಳಲಾಗಿದೆಯೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋದ ದೂರಿನ ಹಿಂದಿನ ವಾಸ್ತವ ಏನು ಎಂಬ ಪ್ರಶ್ನೆಗಳಿಗೆ ಮಾತ್ರ ಇಂದಿನ ಉಪಕರಣಗಳು ನೇರ ಉತ್ತರ ಕೊಡಬಲ್ಲವು, ಏಕೆಂದರೆ ಅಲ್ಲಿ ಪರೀಕ್ಷಿಸಬೇಕಾದ ಮಾದರಿ ಇನ್ನೂ ನೆಲದಲ್ಲಿಯೇ ಇದೆ.